ಕಣ್ಣಿಗೆ ಹಿಡಿಯುವ ಬೂಸ್ಟು: ಒಂದು ಊರಲ್ಲಿ ಅಪರೂಪ, ಇನ್ನೊಂದು ಊರಲ್ಲಿ ಮಾಮೂಲಿ

ಈ ಸಂಚಿಕೆಯಲ್ಲಿ ಕಣ್ಣಿಗೆ ತಗಲುವ ಶಿಲೀಂಧ್ರದ ಸೋಂಕುಗಳ ಬಗ್ಗೆ ಮಾತಾಡೋಣ. ಶಿಲೀಂಧ್ರ ಅಂದರೆ ಫಂಗಸ್. ಹಳೆಯ ಬ್ರೆಡ್ಡಿನ ಮೇಲೆ, ಮಳೆಗಾಲದಲ್ಲಿ ಚರ್ಮದ ಚಪ್ಪಲಿ ಮೇಲೆ, ಸರಿಯಾಗಿ ಒಣಗದ ಹಪ್ಪಳದ ಮೇಲೆ ಬರುತ್ತಲ್ಲ ಬೂಸ್ಟು, ಅದೇ ಕುಟುಂಬದ್ದು.

ಕಣ್ಣು, ಫಂಗಸ್ ಎರಡನ್ನೂ ಒಟ್ಟಿಗೆ ಹೇಳಿದ ಕೂಡಲೇ ತುಂಬಾ ಜನಕ್ಕೆ 2021 ನೆನಪಾಗುತ್ತೆ. ಕೋವಿಡ್ ಎರಡನೇ ಅಲೆಯ ಹೊತ್ತಲ್ಲಿ ಊರಿಂದ ಬರುತ್ತಿದ್ದ ಫೋನ್‌ಗಳಲ್ಲಿ 'ಬ್ಲ್ಯಾಕ್ ಫಂಗಸ್' ಅನ್ನೋ ಮಾತು ಎಷ್ಟು ಸಲ ಕೇಳಿದ್ದೇವೋ. ಅದು ಮ್ಯೂಕರ್‌ಮೈಕೋಸಿಸ್. ಮೂಗಿನ ಪಕ್ಕದ ಸೈನಸ್‌ಗಳಲ್ಲಿ ಶುರುವಾಗಿ ಕಣ್ಣಿನ ಗೂಡಿಗೆ, ಕೆಲವರಲ್ಲಿ ಮೆದುಳಿಗೂ ಹರಡುವ ಕಾಯಿಲೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಸ್ಟಿರಾಯ್ಡ್ ಹೆಚ್ಚು ತೆಗೆದುಕೊಂಡವರಿಗೆ ಅದರ ಭಯ ಜಾಸ್ತಿ. ಇವತ್ತಿನ ವಿಷಯ ಅದಲ್ಲ. ಇವತ್ತು ನಾವು ಹೇಳಹೊರಟಿರೋದು ಗಟ್ಟಿಮುಟ್ಟಾಗಿ ಇರುವ ಮನುಷ್ಯನಿಗೂ, ಹೊರಗಿನಿಂದ, ಒಂದು ಸಣ್ಣ ಗೀರಿನ ಮೂಲಕ ಬರುವ ಸೋಂಕಿನ ಬಗ್ಗೆ. ವೈದ್ಯರು ಇದನ್ನು ಫಂಗಲ್ ಕೆರಟೈಟಿಸ್ ಅಂತಾರೆ. ಕಣ್ಣಿನ ಮುಂಭಾಗದಲ್ಲಿ ಗಾಜಿನ ಹಾಗಿರುವ ಪಾರದರ್ಶಕ ಪದರ ಇದೆಯಲ್ಲ, ಕಾರ್ನಿಯಾ, ಅದರಲ್ಲಿ ಶಿಲೀಂಧ್ರ ಬೇರೂರಿ ಹುಣ್ಣಾಗೋದು.

ಇದು ಅಪರೂಪದ ಕಾಯಿಲೆಯಾ? ಉತ್ತರ ನೀವು ಎಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಿ ಅನ್ನೋದರ ಮೇಲಿದೆ. ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇದ್ದರೆ ಹೌದು, ಅಪರೂಪ. ಅಲ್ಲಿನ ಕಾರ್ನಿಯಾ ಹುಣ್ಣುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾದಿಂದ ಬರುವಂಥವು. ಮಧುರೈಯಲ್ಲಿ ಅಥವಾ ದಕ್ಷಿಣ ಭಾರತದ ಇನ್ಯಾವುದೇ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಕೇಳಿದರೆ, ಪ್ರಯೋಗಾಲಯದಲ್ಲಿ ಕಾರಣ ಪತ್ತೆಯಾದ ಕಾರ್ನಿಯಾ ಹುಣ್ಣುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಶಿಲೀಂಧ್ರದವು. ಇಡೀ ಪ್ರಪಂಚದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನಕ್ಕೆ ಇದು ಬರುತ್ತೆ, ಅವರಲ್ಲಿ ಶೇಕಡ 8ರಿಂದ 11ರಷ್ಟು ಮಂದಿ ಆ ಕಣ್ಣುಗುಡ್ಡೆಯನ್ನೇ ಕಳೆದುಕೊಳ್ಳುತ್ತಾರೆ ಅಂತ 2021ರಲ್ಲಿ ಬಂದ ಒಂದು ಅಂದಾಜು ಹೇಳುತ್ತೆ. ದೃಷ್ಟಿ ಮಂದವಾಗೋದಲ್ಲ, ಕಣ್ಣನ್ನೇ ತೆಗೆಯಬೇಕಾಗೋದು. ಬಹುಪಾಲು ಏಷ್ಯಾ ಮತ್ತು ಆಫ್ರಿಕಾದಲ್ಲಿ.

ಇಲ್ಲೇ ನಮಗೆ, ಅಂದರೆ ಎರಡು ಊರುಗಳ ನಡುವೆ ಓಡಾಡುವ ಜನಕ್ಕೆ, ಒಂದು ತೊಡಕಿದೆ. ಗೀರು ಒಂದು ಊರಲ್ಲಿ ಆಗಬಹುದು, ಡಾಕ್ಟರನ್ನು ನೋಡೋದು ಇನ್ನೊಂದು ಊರಲ್ಲಿ ಆಗಬಹುದು. ಸಂಕ್ರಾಂತಿಗೆ ಅಂತ ಊರಿಗೆ ಹೋದವರು ಕಣದಲ್ಲೋ ತೋಟದಲ್ಲೋ ಕಣ್ಣಿಗೆ ಏನೋ ತಗುಲಿಸಿಕೊಂಡು, ನೀರಲ್ಲಿ ತೊಳೆದು, ಎರಡು ದಿನ ಬಿಟ್ಟು ವಿಮಾನ ಹತ್ತುತ್ತಾರೆ. ಕಣ್ಣು ಕೆಂಪಾಗಿ ನೋವು ಜೋರಾಗುವ ಹೊತ್ತಿಗೆ ಅವರ ಎದುರು ಕೂತಿರುವ ವೈದ್ಯರಿಗೆ ಈ ಕಾಯಿಲೆ ಪುಸ್ತಕದಲ್ಲಿ ಓದಿದ್ದು ಅಷ್ಟೇ ಆಗಿರಬಹುದು.

ಮೊದಲು ಕಾರ್ನಿಯಾ ಬಗ್ಗೆ ಎರಡು ಮಾತು. ಅದರ ದಪ್ಪ ಮಧ್ಯದಲ್ಲಿ ಸುಮಾರು ಅರ್ಧ ಮಿಲಿಮೀಟರ್. ಬೆಳಕು ಸಲೀಸಾಗಿ ಹಾದುಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳೇ ಇಲ್ಲ. ಹಾಗಾಗಿ ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳು ಅಲ್ಲಿಗೆ ಬೇಗ ತಲುಪೋದಿಲ್ಲ, ನುಂಗಿದ ಮಾತ್ರೆಯ ಔಷಧಿಯೂ ಅಷ್ಟು ಸುಲಭವಾಗಿ ತಲುಪೋದಿಲ್ಲ. ಮೇಲಿನ ತೆಳು ಪೊರೆ ಗಟ್ಟಿಯಾಗಿದ್ದಷ್ಟು ದಿನ ಶಿಲೀಂಧ್ರದ ಬೀಜಕಣಗಳು ಒಳಗೆ ಬರಲಾರವು. ಆದರೆ ಭತ್ತದ ಹೊಟ್ಟು, ಕಬ್ಬಿನ ಗರಿ, ಒಣ ಕಡ್ಡಿ ಇಂಥದ್ದೇನಾದರೂ ತಗುಲಿ ಆ ಪೊರೆ ಕಿತ್ತುಬಂದರೆ, ಬಾಗಿಲು ತೆರೆಯೋದೂ ಅದೇ ಹೊಟ್ಟು, ಬೀಜಕಣವನ್ನು ಹೊತ್ತು ತರೋದೂ ಅದೇ ಹೊಟ್ಟು.

ಈ ಕಥೆ ತುಂಬಾ ಹಳೇದು. 1879ರಲ್ಲಿ ಜರ್ಮನಿಯ ನೇತ್ರತಜ್ಞ ಥಿಯೋಡೋರ್ ಲೇಬರ್ ಮೊದಲ ಬಾರಿಗೆ ಇಂಥ ರೋಗಿಯೊಬ್ಬನ ಬಗ್ಗೆ ಬರೆದ. ಆತ ಒಬ್ಬ ರೈತ. ಒಕ್ಕಣೆ ಯಂತ್ರದಿಂದ ಹಾರಿದ ಓಟ್ಸ್ ಹೊಟ್ಟು ಕಣ್ಣಿಗೆ ಬಿದ್ದಿತ್ತು. ಹುಣ್ಣಿನಲ್ಲಿ ಲೇಬರ್‌ಗೆ ಸಿಕ್ಕಿದ್ದು ಆಸ್ಪರ್ಜಿಲ್ಲಸ್ ಅನ್ನೋ ಬೂಸ್ಟು. ಅಂದರೆ ಈ ಕಾಯಿಲೆ ಮೊದಲು ದಾಖಲಾದದ್ದು ಇವತ್ತು ಅದು ಅಪರೂಪ ಅನ್ನಿಸಿಕೊಂಡಿರುವ ದೇಶದಲ್ಲೇ. ನಮ್ಮ ಕಡೆ ಈ ಹುಣ್ಣುಗಳಲ್ಲಿ ಹೆಚ್ಚಾಗಿ ಸಿಗೋದು ಫ್ಯುಸೇರಿಯಮ್, ಆಸ್ಪರ್ಜಿಲ್ಲಸ್ ಮತ್ತು ಕರ್ವುಲೇರಿಯಾದಂಥ ಕಪ್ಪು ಬಣ್ಣದ ಕೆಲವು ಶಿಲೀಂಧ್ರಗಳು. ಬಾಳೆ ಬೆಳೆಯುವವರಿಗೆ ಫ್ಯುಸೇರಿಯಮ್ ಹೆಸರು ಗೊತ್ತಿರುತ್ತೆ; ಬಾಳೆಯ ಸೊರಗು ರೋಗ ತರೋದು ಇದೇ ಕುಲದ ಶಿಲೀಂಧ್ರ. ಮಣ್ಣಿನಲ್ಲಿ, ಗಿಡದ ಮೇಲೆ, ಗಾಳಿಯಲ್ಲಿ ಎಲ್ಲೆಲ್ಲೂ ಇದೆ. ಅದಕ್ಕೆ ನಮ್ಮ ಕಣ್ಣಿನ ಮೇಲೆ ವಿಶೇಷ ಆಸಕ್ತಿಯೇನೂ ಇಲ್ಲ, ಅವಕಾಶ ಸಿಕ್ಕರೆ ಬೆಳೆಯುತ್ತೆ.

ಬೆಳೆಯೋದು ನಿಧಾನಕ್ಕೆ, ಅದೇ ಮೋಸ. ಬ್ಯಾಕ್ಟೀರಿಯಾ ಸೋಂಕು ಒಂದೆರಡು ದಿನದಲ್ಲೇ ಮನುಷ್ಯನನ್ನು ಆಸ್ಪತ್ರೆಗೆ ಓಡಿಸುವಷ್ಟು ಜೋರಾಗಬಹುದು. ಶಿಲೀಂಧ್ರದ ಸೋಂಕು ಎಷ್ಟೋ ಸಲ 'ಏನೋ ಕಸ ಬಿದ್ದಿದೆ' ಅನ್ನೋ ಕಿರಿಕಿರಿಯಿಂದ ಶುರುವಾಗಿ, ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕು ಚುಚ್ಚಿ, ಒಂದು ವಾರದ ಹೊತ್ತಿಗೆ ಕಪ್ಪುಗುಡ್ಡೆಯ ಮೇಲೆ ಬೂದು-ಬಿಳಿ ಚುಕ್ಕೆಯಾಗಿ ಕಾಣುತ್ತೆ. ಆ ಒಂದು ವಾರ ಮನೆಮಂದಿಯೆಲ್ಲ 'ಮದ್ರಾಸ್ ಐ' ಅಂದುಕೊಂಡಿರುತ್ತಾರೆ. ಎದೆಹಾಲು ಬಿಡೋದು, ಸೊಪ್ಪಿನ ರಸ ಹಿಂಡೋದು, ನಾಲಿಗೆಯಿಂದ ಕಸ ತೆಗೆಯೋದು ಇವೆಲ್ಲ ಇನ್ನೂ ಪೂರ್ತಿ ನಿಂತಿಲ್ಲ. ಇವುಗಳ ಬಗ್ಗೆ ನಗೋದು ಸುಲಭ. ಆದರೆ ನಮ್ಮ ಅಭಿಪ್ರಾಯದಲ್ಲಿ ಇವತ್ತು ಇದಕ್ಕಿಂತ ದೊಡ್ಡ ಅಪಾಯ ಓದಿದವರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಇದೆ. ಹಿಂದೆ ಯಾರಿಗೋ, ಯಾವುದಕ್ಕೋ ಬರೆದುಕೊಟ್ಟ ಐ ಡ್ರಾಪ್ಸ್. ಊರಿಂದ ಸೂಟ್‌ಕೇಸಲ್ಲಿ ಬಂದದ್ದು, 'ಇರಲಿ, ಬೇಕಾಗುತ್ತೆ' ಅಂತ.

ಆ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್, ಲೋಟೆಪ್ರೆಡ್ನಾಲ್: ಈ ಹೆಸರುಗಳಲ್ಲಿ ಯಾವುದಿದ್ದರೂ ಅದು ಸ್ಟಿರಾಯ್ಡ್. ಹಲವು ಡ್ರಾಪ್ಸ್‌ಗಳಲ್ಲಿ ಇದು ಆ್ಯಂಟಿಬಯಾಟಿಕ್ ಜೊತೆ ಬೆರೆತೇ ಇರುತ್ತೆ. ಸ್ಟಿರಾಯ್ಡ್ ಮಾಡೋದೇನು? ದೇಹದ ಪ್ರತಿರೋಧವನ್ನು ತಗ್ಗಿಸುತ್ತೆ. ಕೆಂಪು ಇಳಿಯುತ್ತೆ, ನೋವು ಕಮ್ಮಿಯಾಗುತ್ತೆ, 'ಪರವಾಗಿಲ್ಲ, ಗುಣ ಆಗ್ತಿದೆ' ಅನ್ನಿಸುತ್ತೆ. ಅದೇ ಹೊತ್ತಲ್ಲಿ ಕಾವಲುಗಾರನಿಲ್ಲದ ಕಾರ್ನಿಯಾದಲ್ಲಿ ಶಿಲೀಂಧ್ರದ ಎಳೆಗಳು ಆಳಕ್ಕೆ ಇಳಿಯುತ್ತಿರುತ್ತವೆ. ಕಾರ್ನಿಯಾದ ಒಳಮೈಯಲ್ಲಿ ಡೆಸಿಮೆಟ್ ಪೊರೆ ಅಂತ ಒಂದಿದೆ. ಅದು ತೂತಾಗದೇ ಇದ್ದರೂ ಈ ಎಳೆಗಳು ಅದನ್ನು ದಾಟಿ ಕಣ್ಣಿನೊಳಗೆ ಹೋಗಬಲ್ಲವು. ಒಮ್ಮೆ ಒಳಗೆ ಹೋದರೆ ಮೇಲಿನಿಂದ ಹಾಕುವ ಹನಿಗಳ ಕೈಗೆ ಅವು ಸಿಗೋದು ಕಷ್ಟ.

ಹಾಗಾದರೆ ಇದು ಶಿಲೀಂಧ್ರವೇ ಅಂತ ಗೊತ್ತಾಗೋದು ಹೇಗೆ? ಅನುಭವಿ ವೈದ್ಯರಿಗೆ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದಾಗ ಕೆಲವು ಸುಳಿವು ಸಿಗುತ್ತವೆ. ಹುಣ್ಣಿನ ಅಂಚು ಹಕ್ಕಿಯ ಪುಕ್ಕದ ಹಾಗೆ ಹರಡಿರುತ್ತೆ. ಮೇಲ್ಮೈ ಒಣಗಿದ ಹಾಗೆ, ಸ್ವಲ್ಪ ಉಬ್ಬಿದ ಹಾಗಿರುತ್ತೆ. ಮುಖ್ಯ ಹುಣ್ಣಿನಿಂದ ಬಿಡಿಯಾಗಿ ಸುತ್ತಮುತ್ತ ಸಣ್ಣ ಚುಕ್ಕೆಗಳಿರುತ್ತವೆ. ಆದರೆ ಬರೀ ನೋಡಿ ಹೇಳೋದು ಜೂಜು. ನುರಿತವರೂ ತಪ್ಪುತ್ತಾರೆ. ಅದಕ್ಕೇ ಕೆರೆದು ನೋಡಬೇಕು.

ಕೆರೆಯೋದು ಅಂದರೆ ಹೆದರಬೇಡಿ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಸಣ್ಣ ಚಮಚದ ಹಾಗಿನ ಉಪಕರಣದಿಂದಲೋ ಬ್ಲೇಡಿನ ತುದಿಯಿಂದಲೋ ಹುಣ್ಣಿನ ತಳ ಮತ್ತು ಅಂಚಿನಿಂದ ಚೂರು ಕೆರೆದು ಗಾಜಿನ ಸ್ಲೈಡಿಗೆ ಹಚ್ಚುತ್ತಾರೆ. ಅದರ ಮೇಲೆ ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಲ್ಯಾಬಿನವರ ಬಾಯಲ್ಲಿ ಕೆಒಎಚ್, ಒಂದು ಹನಿ. ಕ್ಷಾರಕ್ಕೆ ಕಣ್ಣಿನ ಜೀವಕೋಶಗಳು, ಕೀವು ಎಲ್ಲ ಕರಗಿ ತಿಳಿಯಾಗುತ್ತವೆ. ಶಿಲೀಂಧ್ರದ ಕೋಶಭಿತ್ತಿ ಗಟ್ಟಿ, ಅದು ಹಾಗೇ ಉಳಿಯುತ್ತೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ದಾರದ ಎಳೆಗಳು. ಕ್ಯಾಲ್ಕೊಫ್ಲೋರ್ ವೈಟ್ ಅನ್ನೋ ಬಣ್ಣ ಸೇರಿಸಿ ಫ್ಲೋರೊಸೆಂಟ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೇ ಎಳೆಗಳು ಕತ್ತಲಲ್ಲಿ ಹೊಳೆಯುತ್ತವೆ. ಕೆಲವೇ ನಿಮಿಷದ ಕೆಲಸ. ಇಡೀ ರೋಗನಿರ್ಣಯದಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು ಈ ಪರೀಕ್ಷೆ. ದುಬಾರಿ ಯಂತ್ರ ಬೇಡ, ಬೇಕಾದ್ದು ನೋಡಿ ಪಳಗಿದ ಕಣ್ಣು.

ಆಮೇಲೆ ಅದೇ ಕೆರೆದ ಚೂರನ್ನು ಕಲ್ಚರ್ ತಟ್ಟೆಗಳಿಗೆ ಹಚ್ಚಿ ಬೆಳೆಸುತ್ತಾರೆ. ಯಾವ ಶಿಲೀಂಧ್ರ ಅಂತ ಖಚಿತವಾಗೋದು ಅಲ್ಲಿ. ಆದರೆ ಅದಕ್ಕೆ ದಿನಗಟ್ಟಲೆ ಬೇಕು, ಕೆಲವೊಮ್ಮೆ ವಾರದ ಮೇಲೆ. ಈಗ ಪಿಸಿಆರ್ ಇದೆ, ಕಣ್ಣನ್ನು ಕೆರೆಯದೇ ಕಾರ್ನಿಯಾದ ಪದರಗಳನ್ನು ಹಿಗ್ಗಿಸಿ ತೋರಿಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಇದೆ. ಇದ್ದಲ್ಲಿ ಒಳ್ಳೆಯದೇ. ಇಷ್ಟೆಲ್ಲ ಇದ್ದರೂ 'ಕೆರೆದು ನೋಡಿ, ಫಂಗಸ್‌ಗೂ ನೋಡಿ' ಅಂತ ಚೀಟಿಯಲ್ಲಿ ಯಾರಾದರೂ ಬರೆಯಬೇಕು. ಬರೆಯಬೇಕಾದರೆ ಅವರಿಗೆ ಸಂಶಯ ಬರಬೇಕು. ಸಂಶಯ ಬರಬೇಕಾದರೆ, 'ಎರಡು ವಾರದ ಹಿಂದೆ ಊರಲ್ಲಿ ಕಣ್ಣಿಗೆ ಗರಿ ಹೊಡೆಯಿತು' ಅನ್ನೋದನ್ನು ರೋಗಿ ಬಾಯಿಬಿಟ್ಟು ಹೇಳಬೇಕು.

ಅಪರೂಪ ಅನ್ನಿಸಿಕೊಂಡ ಕಾಯಿಲೆ ಹೇಗೆ ಪತ್ತೆಯಾಗುತ್ತೆ ಅನ್ನೋದಕ್ಕೆ 2006ರದ್ದೊಂದು ಘಟನೆ ಇದೆ. ಅಮೆರಿಕ, ಸಿಂಗಪುರದಲ್ಲಿರುವ ಕೆಲವು ಕೇಳುಗರಿಗೆ ನೆನಪಿರಬಹುದು. ಆ ವರ್ಷದ ಮಾರ್ಚ್ ತಿಂಗಳಲ್ಲಿ ನ್ಯೂಜೆರ್ಸಿಯ ನೇತ್ರತಜ್ಞರೊಬ್ಬರು ಅಮೆರಿಕದ ಸಿಡಿಸಿ ಸಂಸ್ಥೆಗೆ ಒಂದು ವಿಷಯ ತಿಳಿಸಿದರು: ಮೂರು ತಿಂಗಳಲ್ಲಿ ಮೂವರಿಗೆ ಫ್ಯುಸೇರಿಯಮ್ ಹುಣ್ಣು, ಮೂವರೂ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು. ಮೂರು ಅನ್ನೋದು ಮಧುರೈಯಲ್ಲಿ ಯಾರ ಗಮನಕ್ಕೂ ಬಾರದ ಸಂಖ್ಯೆ. ನ್ಯೂಜೆರ್ಸಿಯಲ್ಲಿ ಅದು ಗಂಟೆ ಬಾರಿಸಿತು. ಅಷ್ಟರಲ್ಲಿ ಸಿಂಗಪುರದಲ್ಲೂ ಇಂಥದ್ದೇ ಪ್ರಕರಣಗಳು ಒಂದೊಂದಾಗಿ ಸೇರಿಕೊಂಡಿದ್ದವು. ಕೊನೆಗೆ ಅಲ್ಲಿ 66 ರೋಗಿಗಳು, ಅಮೆರಿಕದಲ್ಲಿ ಖಚಿತವಾದವರೇ 164 ಜನ. ಇವರು ಗದ್ದೆಗೆ ಇಳಿದವರಲ್ಲ. ಆ 164ರಲ್ಲಿ ಸುಮಾರು ಮೂರನೇ ಒಂದು ಪಾಲು ಜನಕ್ಕೆ ಕಾರ್ನಿಯಾ ಕಸಿ ಬೇಕಾಯಿತು.

ತನಿಖೆ ಹೋಗಿ ನಿಂತಿದ್ದು ಬಾಶ್ ಆ್ಯಂಡ್ ಲಾಂಬ್ ಕಂಪನಿಯ ರೆನ್ಯೂ ಮಾಯಿಶ್ಚರ್‌ಲಾಕ್ ಅನ್ನೋ ಲೆನ್ಸ್ ತೊಳೆಯುವ ದ್ರಾವಣದ ಮುಂದೆ. ಕಾರ್ಖಾನೆಯಲ್ಲಾಗಲಿ ತೆರೆಯದ ಬಾಟಲಿಗಳಲ್ಲಾಗಲಿ ರೋಗ ತಂದ ಫ್ಯುಸೇರಿಯಮ್ ಸಿಗಲಿಲ್ಲ. ರೋಗಿಗಳಲ್ಲಿ ಸಿಕ್ಕ ತಳಿಗಳೂ ಬೇರೆಬೇರೆಯಾಗಿದ್ದವು. ಅಂದರೆ ಕಲಬೆರಕೆ ಬಾಟಲಿಯಿಂದ ಬಂದದ್ದಲ್ಲ. ಮನೆಯ ಬಚ್ಚಲಲ್ಲಿ, ಲೆನ್ಸ್ ಡಬ್ಬಿಯಲ್ಲಿ ಸಹಜವಾಗಿ ಬಂದು ಸೇರುವ ಶಿಲೀಂಧ್ರವನ್ನು ಆ ದ್ರಾವಣ ಕೊಲ್ಲಬೇಕಿತ್ತು, ಕೆಲವು ಸಂದರ್ಭಗಳಲ್ಲಿ ಕೊಲ್ಲಲಿಲ್ಲ. ಹಳೆಯ ದ್ರಾವಣವನ್ನೇ ಮತ್ತೆ ಬಳಸುವ ಅಭ್ಯಾಸವೂ ಅಪಾಯ ಹೆಚ್ಚಿಸಿತ್ತು. 2006ರ ಮೇ ತಿಂಗಳಲ್ಲಿ ಕಂಪನಿ ಆ ದ್ರಾವಣವನ್ನು ಇಡೀ ಪ್ರಪಂಚದ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಲೆನ್ಸ್ ಹಾಕುವವರು ಡಬ್ಬಿಯ ನೀರನ್ನು ದಿನಾ ಪೂರ್ತಿ ಚೆಲ್ಲಿ ಹೊಸದು ತುಂಬಿ, ಮೇಲಿಂದ ಮೇಲೆ ಸುರಿದು ಭರ್ತಿ ಮಾಡಬೇಡಿ ಅಂತ ಹೇಳೋದು ಇದಕ್ಕೇ. ನಲ್ಲಿ ನೀರಂತೂ ಲೆನ್ಸ್ ಹತ್ತಿರ ಸುಳಿಯಲೇ ಬಾರದು.

ಈಗ ಚಿಕಿತ್ಸೆಗೆ ಬರೋಣ. ಮುಖ್ಯ ಔಷಧಿಯ ಹೆಸರು ನಾಟಮೈಸಿನ್. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ 1955ರಲ್ಲಿ ಸಿಕ್ಕಿದ್ದು, ಹೆಸರು ಅಲ್ಲಿಂದಲೇ. ಚೀಸ್ ಕೊಳ್ಳುವಾಗ ಪೊಟ್ಟಣದ ಮೇಲೆ ಇ235 ಅಂತ ಇದ್ದರೆ ಅದೂ ಇದೇ. ಚೀಸಿನ ಮೇಲೆ ಬೂಸ್ಟು ಬಾರದಿರಲಿ ಅಂತ ಹಚ್ಚುತ್ತಾರೆ. ಕಣ್ಣಿಗೆ ಶೇಕಡ 5ರ ಹನಿಯಾಗಿ ಬರುತ್ತೆ. ಬಿಳಿ ಪುಡಿ ತಳಕ್ಕೆ ಕೂರುವ ಔಷಧಿ, ಹಾಗಾಗಿ ಬಾಟಲಿ ಚೆನ್ನಾಗಿ ಕುಲುಕಬೇಕು. ಕುಲುಕದೇ ಹಾಕಿದರೆ ಬರೀ ನೀರು ಹಾಕಿದ ಹಾಗೆ. ಶುರುವಿನಲ್ಲಿ ಗಂಟೆಗೊಂದು ಹನಿ, ಎಷ್ಟೋ ಸಲ ರಾತ್ರಿಯೂ ಎದ್ದು ಹಾಕಬೇಕು. ಆಮೇಲೆ ನಿಧಾನಕ್ಕೆ ಕಡಿಮೆ ಮಾಡುತ್ತಾ ವಾರಗಟ್ಟಲೆ. ದೊಡ್ಡ ಅಣು, ಕಾರ್ನಿಯಾದ ಆಳಕ್ಕೆ ಸುಲಭವಾಗಿ ಇಳಿಯೋದಿಲ್ಲ. ಅದಕ್ಕೇ ವೈದ್ಯರು ಹುಣ್ಣಿನ ಮೇಲ್ಪದರವನ್ನು ಆಗಾಗ ಕೆರೆದು ದಾರಿ ಮಾಡಿಕೊಡುತ್ತಾರೆ.

ಇಷ್ಟು ಹಳೆಯ, ಇಷ್ಟು ಮೊಂಡು ಔಷಧಿಗಿಂತ ಹೊಸದಾದ ವೋರಿಕೊನಜೋಲ್ ಮೇಲು ಅಂತ ತುಂಬಾ ಜನ ತಜ್ಞರು ನಂಬಿದ್ದರು. ಅದು ಆಳಕ್ಕೆ ಇಳಿಯುತ್ತೆ, ಲ್ಯಾಬಿನ ಪರೀಕ್ಷೆಗಳಲ್ಲೂ ಚೆನ್ನಾಗಿತ್ತು. ತಮಿಳುನಾಡು, ಪುದುಚೇರಿಯ ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ ಅಮೆರಿಕದ ಸಂಶೋಧಕರ ಜೊತೆ ಸೇರಿ ನಡೆಸಿದ, ಮಟ್ ಅಂತ ಚುಟುಕಾಗಿ ಕರೆಯುವ ಪ್ರಯೋಗದಲ್ಲಿ 323 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಹನಿ ಕೊಟ್ಟರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಗೆದ್ದಿದ್ದು ಹಳೆಯ ನಾಟಮೈಸಿನ್, ಅದರಲ್ಲೂ ಫ್ಯುಸೇರಿಯಮ್ ಇದ್ದವರಲ್ಲಿ ದೊಡ್ಡ ಅಂತರದಿಂದ. ಕಣ್ಣು ತೂತಾಗೋದೂ ಕಸಿ ಬೇಕಾಗೋದೂ ಆ ಗುಂಪಿನಲ್ಲಿ ಕಡಿಮೆ. ಹೋಗಲಿ, ತೀವ್ರವಾದ ಹುಣ್ಣಿಗೆ ವೋರಿಕೊನಜೋಲ್ ಮಾತ್ರೆಯನ್ನಾದರೂ ಜೊತೆಗೆ ಸೇರಿಸಿದರೆ ಹೇಗೆ ಅಂತ ಭಾರತ ಮತ್ತು ನೇಪಾಳದ 240 ರೋಗಿಗಳಲ್ಲಿ ಮತ್ತೊಂದು ಪ್ರಯೋಗ ಮಾಡಿದರು. ಒಟ್ಟಾರೆ ಲಾಭ ಕಾಣಲಿಲ್ಲ. ದೊಡ್ಡ ಸಂಖ್ಯೆಯಲ್ಲಿ ರೋಗಿಗಳು ಬರುವ ಊರಲ್ಲಿ ಮಾತ್ರ ಮಾಡಬಹುದಾದ ಪ್ರಯೋಗಗಳಿವು. ಶ್ರೀಮಂತ ದೇಶಗಳ ಕಣ್ಣಾಸ್ಪತ್ರೆಗಳು ಇವತ್ತು ಫ್ಯುಸೇರಿಯಮ್‌ಗೆ ಯಾವ ಹನಿ ಹಾಕಬೇಕು ಅಂತ ನಿರ್ಧರಿಸೋದು ಮುಖ್ಯವಾಗಿ ಈ ರೋಗಿಗಳಿಂದ ಕಲಿತದ್ದರ ಮೇಲೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾಟಮೈಸಿನ್ ಹನಿಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಕ್ಯಾಂಡಿಡಾದಂಥ ಯೀಸ್ಟ್ ಜಾತಿಯ ಸೋಂಕಿಗೆ ಮಾತ್ರ ಆಂಫೋಟೆರಿಸಿನ್ ಹನಿಯ ಕಡೆಗೆ ಹೋಗುತ್ತಾರೆ.

ಇನ್ನು ನಿಜಕ್ಕೂ ಅಪರೂಪದ ಒಂದು. ಕೆಒಎಚ್ ಹಾಕಿ ನೋಡಿದರೆ ಎಳೆಗಳು ಕಾಣುತ್ತವೆ. ಹುಣ್ಣಿನ ಅಂಚೂ ಪುಕ್ಕದ ಹಾಗೇ ಇದೆ. ನಾಟಮೈಸಿನ್ ಶುರು ಮಾಡುತ್ತಾರೆ. ದಿನದಿಂದ ದಿನಕ್ಕೆ ಹುಣ್ಣು ಹೆಚ್ಚುತ್ತಲೇ ಹೋಗುತ್ತೆ. ಇಂಥ ಕಡೆ ಸಂಶಯಪಡಬೇಕಾದ ಜೀವಿ ಪಿಥಿಯಮ್ ಇನ್ಸಿಡಿಯೋಸಮ್. ನೋಡೋಕೆ ಶಿಲೀಂಧ್ರ, ಆದರೆ ಶಿಲೀಂಧ್ರವೇ ಅಲ್ಲ. ಊಮೈಸೀಟ್ ಅನ್ನೋ ಬೇರೆಯೇ ಗುಂಪು, ಸಂಬಂಧದಲ್ಲಿ ಪಾಚಿಗಳಿಗೆ ಹತ್ತಿರ.

ಮಲೆನಾಡಿನವರಿಗೆ ಈ ಗುಂಪಿನ ಪರಿಚಯ ಹೇಳಬೇಕಿಲ್ಲ. ಅಡಿಕೆಗೆ ಬರುವ ಕೊಳೆರೋಗ, ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯೋದು ಯಾವುದಕ್ಕೋ ಅದು, ಇದೇ ಗುಂಪಿನ ಫೈಟಾಫ್ತೊರಾದಿಂದ. ಶುಂಠಿಯ ಗೆಡ್ಡೆ ಕೊಳೆಯೋದು ಪಿಥಿಯಮ್ ಕುಲದ ಅಣ್ಣತಮ್ಮಂದಿರಿಂದ. (ಕೊಳೆರೋಗ ಅನ್ನೋ ನಮ್ಮ ಪದ ಕಾಫಿಗೆ ರೋಗ ತರುವ ಒಂದು ಶಿಲೀಂಧ್ರದ ವೈಜ್ಞಾನಿಕ ಹೆಸರಲ್ಲೇ ಸೇರಿಕೊಂಡಿದೆ. ಅದು ಮಾತ್ರ ಅಸಲಿ ಶಿಲೀಂಧ್ರ.) ನೀರು ನಿಂತ ಕಡೆ ಇವುಗಳ ಬೀಜಕಣಗಳು ಬಾಲ ಆಡಿಸಿಕೊಂಡು ಈಜುತ್ತವೆ. ಲ್ಯಾಬಿನಲ್ಲಿ ಪಿಥಿಯಮ್ ಗುರುತು ಹಿಡಿಯುವ ಒಂದು ವಿಧಾನವೂ ಅದೇ: ನೀರಿನಲ್ಲಿ ಎಲೆಯ ಚೂರೊಂದನ್ನು ಆಮಿಷವಾಗಿ ಇಟ್ಟು, ಈಜುವ ಬೀಜಕಣಗಳು ಹೊರಬರುತ್ತವಾ ಅಂತ ಕಾಯೋದು.

ಔಷಧಿ ನಾಟದ ಕಾರಣ ಸರಳ. ನಾಟಮೈಸಿನ್ ಹೋಗಿ ಅಂಟಿಕೊಳ್ಳೋದು ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತುವಿಗೆ. ಪಿಥಿಯಮ್ ಪೊರೆಯಲ್ಲಿ ಅದೇ ಇಲ್ಲ. ಹಿಡಿಯೋಕೆ ಹಿಡಿಕೆಯೇ ಇಲ್ಲದ ಮೇಲೆ ಔಷಧಿ ಏನು ಮಾಡೀತು? ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ದಾರಿ ಹುಡುಕಿದ್ದು ಉಲ್ಟಾ ದಿಕ್ಕಿನಲ್ಲಿ. ಬ್ಯಾಕ್ಟೀರಿಯಾಗೆ ಕೊಡುವ ಲಿನೆಜೋಲಿಡ್ ಮತ್ತು ಅಜಿತ್ರೊಮೈಸಿನ್ ಬಳಸಿ ನೋಡಿದರು, ಹಲವು ರೋಗಿಗಳಲ್ಲಿ ಕೆಲಸ ಮಾಡಿತು. ಎಲ್ಲರಲ್ಲೂ ಅಲ್ಲ. ಪಿಥಿಯಮ್ ಹುಣ್ಣಿಗೆ ಇವತ್ತಿಗೂ ಎಷ್ಟೋ ಸಲ ಕಸಿಯೇ ಗತಿ, ಕಸಿ ಮಾಡಿದ ಕಾರ್ನಿಯಾದಲ್ಲೂ ಅದು ಮರುಕಳಿಸುತ್ತೆ.

ಕಸಿಯ ಬಗ್ಗೆ ಒಂದು ಮಾತು. ಹನಿಗಳಿಂದ ಬಗ್ಗದ ಹುಣ್ಣಿಗೆ, ತೂತಾಗುವ ಹಂತಕ್ಕೆ ಬಂದ ಕಣ್ಣಿಗೆ, ಸೋಂಕಿತ ಭಾಗವನ್ನು ಸುತ್ತಲಿನ ಒಳ್ಳೆಯ ಭಾಗದ ಅಂಚಿನ ಸಮೇತ ಕತ್ತರಿಸಿ ದಾನಿಯ ಕಾರ್ನಿಯಾ ಹೊಲಿಯುತ್ತಾರೆ. ಆಗಿನ ಗುರಿ ದೃಷ್ಟಿಯಲ್ಲ, ಕಣ್ಣನ್ನು ಉಳಿಸಿಕೊಳ್ಳೋದು. ಕಸಿ ನಿಲ್ಲಬೇಕಾದರೆ ಸಾಮಾನ್ಯವಾಗಿ ಸ್ಟಿರಾಯ್ಡ್ ಬೇಕು, ಶಿಲೀಂಧ್ರದ ಒಂದು ಎಳೆ ಉಳಿದಿದ್ದರೂ ಸ್ಟಿರಾಯ್ಡ್ ಅದಕ್ಕೆ ಗೊಬ್ಬರ. ಈ ಇಕ್ಕಟ್ಟಿನಲ್ಲಿ ವೈದ್ಯರು ದಿನದಿನವೂ ಅಳೆದು ತೂಗಿ ನಡೆಯಬೇಕಾಗುತ್ತೆ.

ಕೇಳುಗರೊಬ್ಬರು ಕೇಳಿದ್ದರು: ಊರಿಗೆ ಹೋದಾಗ ಕಣ್ಣಿಗೆ ಏನಾದರೂ ತಗುಲಿದರೆ ಮಾಡಬೇಕಾದ್ದೇನು ಅಂತ. ನಾವು ವೈದ್ಯರಲ್ಲ, ಓದಿದ್ದನ್ನು ಹೇಳುತ್ತೇವೆ. ಶುದ್ಧ ನೀರಲ್ಲಿ ತೊಳೆಯಿರಿ, ಉಜ್ಜಬೇಡಿ, ಲೆನ್ಸ್ ಇದ್ದರೆ ತೆಗೆದಿಡಿ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ, ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ವಾಪಸು ಬಂದ ಮೇಲೆ ತೊಂದರೆಯಾದರೆ, ಅಲ್ಲಿನ ವೈದ್ಯರಿಗೆ ಗಿಡದ ವಸ್ತು ತಗುಲಿದ್ದು, ತಾರೀಖು, ಅದುವರೆಗೆ ಹಾಕಿದ ಎಲ್ಲ ಹನಿಗಳ ಹೆಸರು, ಇಷ್ಟನ್ನೂ ಅವರು ಕೇಳದಿದ್ದರೂ ಹೇಳಿ. ಎರಡು ಮೂರು ದಿನ ಆ್ಯಂಟಿಬಯಾಟಿಕ್ ಹಾಕಿಯೂ ಇಳಿಯದಿದ್ದರೆ, 'ಫಂಗಸ್ ಇರಬಹುದಾ, ಕೆರೆದು ನೋಡುತ್ತೀರಾ?' ಅಂತ ಕೇಳೋದರಲ್ಲಿ ಸಂಕೋಚ ಬೇಡ. ಬ್ರಿಟನ್ನಿನಲ್ಲಿ ನಾಟಮೈಸಿನ್ ಹೊರದೇಶದಿಂದ ತರಿಸಬೇಕಾದ ಔಷಧಿ. ಹಾಗಾಗಿ ಅಲ್ಲಿ ಪ್ರಶ್ನೆ ಒಂದು ದಿನ ಮುಂಚೆ ಬಂದರೂ ವ್ಯತ್ಯಾಸವಾಗುತ್ತೆ.

ಗೀರಾದ ಮೊದಲ ದಿನವೇ ಏನಾದರೂ ಮಾಡಿದರೆ ಹುಣ್ಣೇ ಆಗದಂತೆ ತಡೆಯಬಹುದಾ ಅನ್ನೋದನ್ನೂ ಪರೀಕ್ಷಿಸಿದ್ದಾರೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಣ್ಣಿಗೆ ಗೀರಾದವರಿಗೆ ಶೇಕಡ 1ರ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು. 2001ರಲ್ಲಿ ಬಂದ ವರದಿಯ ಪ್ರಕಾರ ಹಾಗೆ ಹಚ್ಚಿಸಿಕೊಂಡ 442 ಜನರಲ್ಲಿ ಶೇಕಡ 96ರಷ್ಟು ಮಂದಿಗೆ ಸೋಂಕಿಲ್ಲದೇ ಮಾಯಿತು, 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಆದರೆ ಅದೇ ನೇಪಾಳದಲ್ಲಿ ಆಮೇಲೆ ಹಳ್ಳಿ ಹಳ್ಳಿಗಳನ್ನು ಹೋಲಿಸಿ ನಡೆದ ದೊಡ್ಡ ಪ್ರಯೋಗದಲ್ಲಿ, ಮುಲಾಮು ಕೊಡುವ ಕಾರ್ಯಕರ್ತರಿದ್ದ ಕಡೆಯೂ ಇಲ್ಲದ ಕಡೆಯೂ ಹುಣ್ಣುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಮುಲಾಮು ಊರಲ್ಲಿ ಇದ್ದರೆ ಸಾಲದು. ಕಣ್ಣಿಗೆ ಹೊಟ್ಟು ಬಿದ್ದ ಮನುಷ್ಯ ಕೆಲಸ ಬಿಟ್ಟು ಅದೇ ದಿನ ಅಲ್ಲಿಗೆ ಬರಬೇಕು. ಒಕ್ಕಣೆಯ ದಿನ ಯಾರು ಬರುತ್ತಾರೆ?